ಮಿತವ್ಯಯದ ಮಂತ್ರಿ ಗ್ಲಾಡ್‌ಸ್ಟನ್ ಮತ್ತು ಮಾತು ತಪ್ಪಿದ ಪಕ್ಷ

ಮುಂಗಡಪತ್ರದ ಕಾಲ ಬಂತೆಂದರೆ ನಮ್ಮ ನಿಮ್ಮೆಲ್ಲರ ಮನೆಗಳಲ್ಲಿ ಆದಾಯ ತೆರಿಗೆಯ ಮಾತು ತಪ್ಪದೆ ನಡೆಯುತ್ತದೆ. ಸಂಬಳದಾರರಾದ ನಾವು ದೂರದರ್ಶನದ ಮುಂದೆ ಕುಳಿತು, ಅರ್ಥಸಚಿವರು ಹಿಡಿದು ಬರುವ ಪೆಟ್ಟಿಗೆಯನ್ನು ಕುತೂಹಲದಿಂದ ನೋಡಿದ್ದೇವೆ. 2019ರ ಜುಲೈ 5ರಂದು, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ನಿರ್ಮಲಾ ಸೀತಾರಾಮನ್ ಅವರು ಚರ್ಮದ ಪೆಟ್ಟಿಗೆಯನ್ನು ಬಿಟ್ಟು ಕೆಂಪು ವಸ್ತ್ರದಲ್ಲಿ ಸುತ್ತಿದ ವಹಿಯನ್ನು ಹಿಡಿದು ಸಂಸತ್ತಿಗೆ ಬಂದರು. ಅಂದು ನಾವು ಬಿಟ್ಟ ಆ ಪೆಟ್ಟಿಗೆಯ ಸಂಪ್ರದಾಯದ ಮೂಲವನ್ನು ಹುಡುಕುತ್ತ ಹೋದರೆ, ಲಂಡನ್ನಿನಲ್ಲಿ 1860ರ ಸುಮಾರಿಗೆ ಸಿದ್ಧವಾದ ಒಂದು ಕೆಂಪು ಪೆಟ್ಟಿಗೆ ಸಿಗುತ್ತದೆ. ಅದು 2010ರವರೆಗೂ ಅಲ್ಲಿನ ಬಹುಪಾಲು ಅರ್ಥಸಚಿವರ ಕೈಯಲ್ಲಿ ಸಾಗಿತು. ಅದನ್ನು ಮೊದಲು ಹಿಡಿದವರು ವಿಲಿಯಂ ಎವರ್ಟ್ ಗ್ಲಾಡ್‌ಸ್ಟನ್.

ನಾಲ್ಕು ಬಾರಿ ಅರ್ಥಸಚಿವರು, ನಾಲ್ಕು ಬಾರಿ ಪ್ರಧಾನಮಂತ್ರಿ, ಅರವತ್ತು ವರ್ಷಗಳಿಗೂ ಮೀರಿದ ಸಂಸದೀಯ ಜೀವನ. ಇಷ್ಟನ್ನು ಶಾಲೆಯ ಇತಿಹಾಸ ಪಠ್ಯದಲ್ಲಿ ಓದಿದ ನೆನಪು ಹಿರಿಯರಿಗೆ ಇರಬಹುದು. ಆದರೆ ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆಯೇ ವಯಸ್ಸು ಕಳೆದ ನನ್ನಂಥವನಿಗೆ ಅವರ ಬಾಳಿನಲ್ಲಿ ಬೇರೊಂದು ಪ್ರಶ್ನೆ ಕಾಣುತ್ತದೆ. ಸರ್ಕಾರದ ಖರ್ಚನ್ನು ಕಡಿಮೆ ಮಾಡುತ್ತೇವೆ, ಸಾಲ ಮಾಡುವುದಿಲ್ಲ, ತೆರಿಗೆಯನ್ನು ಇಳಿಸುತ್ತೇವೆ ಎಂದು ಹೇಳಿ ಮತ ಕೇಳುವ ಪಕ್ಷವು ಅಧಿಕಾರಕ್ಕೆ ಬಂದ ಮೇಲೆ ಆ ಮಾತನ್ನು ಉಳಿಸಿಕೊಳ್ಳುತ್ತದೆಯೇ? ಈ ಪ್ರಶ್ನೆಗೆ ಗ್ಲಾಡ್‌ಸ್ಟನ್ ಅವರ ಬಾಳಿನಷ್ಟು ಉದ್ದವಾದ, ಗೌರವವೂ ನೋವೂ ಬೆರೆತ ಉತ್ತರ ಮತ್ತೊಂದು ಸಿಗುವುದು ಕಷ್ಟ.

ಗ್ಲಾಡ್‌ಸ್ಟನ್ ಅವರು 1809ರ ಡಿಸೆಂಬರ್ 29ರಂದು ಲಿವರ್‌ಪೂಲ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಗ್ಲಾಡ್‌ಸ್ಟನ್ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ ದೊಡ್ಡ ವ್ಯಾಪಾರಿ. ಅವರ ಸಂಪತ್ತಿನ ಬಹುಭಾಗ ವೆಸ್ಟ್ ಇಂಡೀಸ್ ಪ್ರಾಂತ್ಯದ ಡೆಮರಾರಾ ಮತ್ತು ಜಮೈಕಾದ ತೋಟಗಳಿಂದ ಬಂದದ್ದು. ಆ ತೋಟಗಳಲ್ಲಿ ದುಡಿದವರು ಗುಲಾಮರು. ಮಗ ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿಯೂ ಓದಿ, 1831ರಲ್ಲಿ ಪ್ರಾಚೀನ ಸಾಹಿತ್ಯ ಮತ್ತು ಗಣಿತ ಎರಡರಲ್ಲಿಯೂ ಪ್ರಥಮ ದರ್ಜೆ ಪಡೆದರು. ಮರುವರ್ಷವೇ ಟೋರಿ ಪಕ್ಷದಿಂದ ನ್ಯೂವಾರ್ಕ್ ಕ್ಷೇತ್ರದ ಸದಸ್ಯರಾಗಿ ಸಂಸತ್ತಿಗೆ ಬಂದಾಗ ಅವರಿಗೆ ಇಪ್ಪತ್ತಮೂರು ತುಂಬಿರಲಿಲ್ಲ.

1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಮಸೂದೆ ಸಂಸತ್ತಿನ ಮುಂದೆ ಬಂತು. ಯುವ ಗ್ಲಾಡ್‌ಸ್ಟನ್ ಎದ್ದು ನಿಂತು ತೋಟದ ಒಡೆಯರ ಪರವಾಗಿ, ತಮ್ಮ ತಂದೆಯ ಪರವಾಗಿ ಮಾತನಾಡಿದರು. ಗುಲಾಮರ ಒಡೆಯರಿಗೆ 2 ಕೋಟಿ ಪೌಂಡು ಪರಿಹಾರ ಕೊಡುವುದೆಂದು ತೀರ್ಮಾನವಾಯಿತು. ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ. ಜಾನ್ ಗ್ಲಾಡ್‌ಸ್ಟನ್ ಅವರ ಪಾಲಿಗೆ ಒಂದು ಲಕ್ಷ ಪೌಂಡಿಗೂ ಹೆಚ್ಚಿನ ಮೊತ್ತ ಬಂತು. ಆ 2 ಕೋಟಿಯಲ್ಲಿ ಒಂದೂವರೆ ಕೋಟಿಯನ್ನು ಬ್ರಿಟಿಷ್ ಸರ್ಕಾರ ಸಾಲವಾಗಿ ಎತ್ತಿತು. ಬೇರೆ ಬೇರೆ ಸಾಲಪತ್ರಗಳಲ್ಲಿ ಸೇರಿಕೊಂಡು ಸಾಗಿದ ಆ ಋಣದ ಕೊನೆಯ ಕಂತು ತೀರಿದ್ದು 2015ರಲ್ಲಿ. ಮುಂದೆ ಸರ್ಕಾರಿ ಸಾಲವನ್ನು ಜೀವನವಿಡೀ ದ್ವೇಷಿಸಿದ ಮನುಷ್ಯನ ಮನೆಯ ಸಿರಿಯಲ್ಲಿ ಅಂಥದೊಂದು ಸರ್ಕಾರಿ ಸಾಲದ ಪಾಲಿತ್ತು ಎಂಬುದನ್ನು ನಾವು ಆರಂಭದಲ್ಲಿಯೇ ಗುರುತು ಹಾಕಿಕೊಳ್ಳಬೇಕು.

1839ರಲ್ಲಿ ಗ್ಲಾಡ್‌ಸ್ಟನ್ ಅವರು ಕ್ಯಾಥರೀನ್ ಗ್ಲಿನ್ ಎಂಬಾಕೆಯನ್ನು ವಿವಾಹವಾದರು. ವೇಲ್ಸ್ ಗಡಿಯ ಹಾರ್ಡನ್ ಎಂಬಲ್ಲಿ ಆಕೆಯ ತವರಿನ ಜಮೀನ್ದಾರಿ ಇತ್ತು. ಆ ಮನೆಯವರು ಓಕ್ ಫಾರ್ಮ್ ಎಂಬ ಕಬ್ಬಿಣ ಮತ್ತು ಇಟ್ಟಿಗೆಯ ಉದ್ಯಮಕ್ಕೆ ಹಣ ಹೂಡಿ, ಅದು 1847ರಲ್ಲಿ ದಿವಾಳಿಯಾಗಿ, ಇಡೀ ಆಸ್ತಿಯೇ ಕೈಬಿಡುವ ಸ್ಥಿತಿ ಬಂತು. ಅಳಿಯನಾದ ಗ್ಲಾಡ್‌ಸ್ಟನ್ ಅವರು ವರ್ಷಗಟ್ಟಲೆ ಕುಳಿತು ಲೆಕ್ಕಪತ್ರಗಳನ್ನು ಬಿಡಿಸಿ, ಸಾಲಗಾರರೊಡನೆ ಒಪ್ಪಂದ ಮಾಡಿಕೊಂಡು, ಮನೆತನವನ್ನು ಉಳಿಸಿದರು. ಪುಸ್ತಕದಿಂದ ಕಲಿಯಲಾಗದ ಪಾಠವನ್ನು ಅವರು ಅಲ್ಲಿ ಕಲಿತರು. ಸಾಲ ಮಾಡುವಾಗ ಕೈ ಹೇಗೆ ಸಡಿಲವಾಗುತ್ತದೆ, ತೀರಿಸುವಾಗ ಕೊರಳಿಗೆ ಹೇಗೆ ಬಿಗಿಯುತ್ತದೆ ಎಂಬುದನ್ನು ಅವರು ಕಂಡದ್ದು ತಮ್ಮ ಮನೆಯಲ್ಲಿಯೇ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಪಾಠದ ಬೆಲೆ ಗೊತ್ತು.

ಇನ್ನು ರಾಜಕೀಯದ ಗುರು ರಾಬರ್ಟ್ ಪೀಲ್. 1842ರಲ್ಲಿ ಪೀಲ್ ಅವರು ಆದಾಯ ತೆರಿಗೆಯನ್ನು ಮತ್ತೆ ಜಾರಿಗೆ ತಂದರು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಹಾಕಿ, ಯುದ್ಧ ಮುಗಿದ ಮೇಲೆ ತೆಗೆದಿದ್ದ ತೆರಿಗೆ ಅದು. ವರ್ಷಕ್ಕೆ 150 ಪೌಂಡಿಗಿಂತ ಹೆಚ್ಚು ವರಮಾನವುಳ್ಳವರು ಪೌಂಡಿಗೆ 7 ಪೆನ್ಸ್ ಕೊಡಬೇಕು. ಆಗ ಒಂದು ಪೌಂಡಿಗೆ 240 ಪೆನ್ಸ್ ಆದ್ದರಿಂದ ಅದು ನೂರಕ್ಕೆ ಮೂರರಷ್ಟೂ ಇಲ್ಲ. ಉಳ್ಳವರ ಈ ತೆರಿಗೆಯ ಬಲದ ಮೇಲೆ ಬಡವರು ಕೊಳ್ಳುವ ಪದಾರ್ಥಗಳ ಸುಂಕವನ್ನು ಇಳಿಸುವುದು ಪೀಲ್ ಅವರ ಯೋಜನೆ. 1846ರಲ್ಲಿ ಅವರು ವಿದೇಶದ ಧಾನ್ಯದ ಮೇಲಿನ ಸುಂಕವನ್ನು ತೆಗೆಯಲು ಮುಂದಾದಾಗ ಟೋರಿ ಪಕ್ಷವೇ ಎರಡು ಹೋಳಾಯಿತು. ಗ್ಲಾಡ್‌ಸ್ಟನ್ ಗುರುವಿನ ಹೋಳಿನಲ್ಲಿ ನಿಂತರು. 1850ರಲ್ಲಿ ಪೀಲ್ ತೀರಿಕೊಂಡ ಬಳಿಕ ಆ ಹಣಕಾಸಿನ ಸಿದ್ಧಾಂತಕ್ಕೆ ವಾರಸುದಾರರಾದವರು ಅವರೇ.

1852ರ ಡಿಸೆಂಬರಿನಲ್ಲಿ ಡಿಸ್ರೇಲಿಯವರ ಮುಂಗಡಪತ್ರವನ್ನು ಸಂಸತ್ತಿನಲ್ಲಿ ಉರುಳಿಸಿದ ಗ್ಲಾಡ್‌ಸ್ಟನ್ ಅವರು ಕೆಲವೇ ದಿನಗಳಲ್ಲಿ ಲಾರ್ಡ್ ಅಬರ್ಡೀನ್ ಅವರ ಸಂಯುಕ್ತ ಸರ್ಕಾರದಲ್ಲಿ ಅರ್ಥಸಚಿವರಾದರು. 1853ರ ಏಪ್ರಿಲ್ 18ರಂದು ಅವರು ಮಂಡಿಸಿದ ಮೊದಲ ಮುಂಗಡಪತ್ರದ ಭಾಷಣ ಐದು ಗಂಟೆಗಳ ಹತ್ತಿರ ನಡೆಯಿತು. ನೂರಕ್ಕೂ ಹೆಚ್ಚು ಪದಾರ್ಥಗಳ ಸುಂಕ ರದ್ದಾಯಿತು. ಸಾಬೂನಿನ ಮೇಲಿನ ತೆರಿಗೆ ಹೋಯಿತು. ಬಡವರ ಮನೆಯ ಶುಚಿತ್ವಕ್ಕೆ ತೆರಿಗೆ ಹಾಕುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಜಮೀನ್ದಾರರ ಪಿತ್ರಾರ್ಜಿತ ಭೂಮಿಯ ಮೇಲೂ ಉತ್ತರಾಧಿಕಾರದ ಸುಂಕ ಬಿತ್ತು. ಇವೆಲ್ಲಕ್ಕಿಂತ ಮುಖ್ಯವಾದುದು ಒಂದು ವಾಗ್ದಾನ. ಆದಾಯ ತೆರಿಗೆ ಎರಡು ವರ್ಷ 7 ಪೆನ್ಸ್, ಮುಂದಿನ ಎರಡು ವರ್ಷ 6 ಪೆನ್ಸ್, ಆಮೇಲೆ ಮೂರು ವರ್ಷ 5 ಪೆನ್ಸ್ ಇರುತ್ತದೆ. 1860ರ ಏಪ್ರಿಲಿನಲ್ಲಿ ಅದು ಇಲ್ಲವಾಗುತ್ತದೆ. ಮನೆ ಸಾಲದ ಕಂತಿನ ಪಟ್ಟಿಯಂತೆ ಏಳು ವರ್ಷಗಳ ಲೆಕ್ಕವನ್ನು ಅವರು ದೇಶದ ಮುಂದೆ ಇಟ್ಟರು.

ಒಂದೇ ವರ್ಷ ಕಳೆಯುವಷ್ಟರಲ್ಲಿ ರಷ್ಯಾದೊಡನೆ ಕ್ರಿಮಿಯಾ ಯುದ್ಧ ಬಂತು. 1854ರಲ್ಲಿ ತೆರಿಗೆ 7 ಪೆನ್ಸಿನಿಂದ 14 ಪೆನ್ಸಿಗೆ ಏರಿತು. ಯುದ್ಧ ಮಾಡುವ ಪೀಳಿಗೆಯೇ ಅದರ ಖರ್ಚನ್ನು ಭರಿಸಬೇಕು, ಮಕ್ಕಳ ಮೇಲೆ ಸಾಲ ಹೊರಿಸಬಾರದು, ಹಾಗೆ ಭರಿಸಿದಾಗ ಮಾತ್ರ ಜನರಿಗೆ ಯುದ್ಧದ ನಿಜವಾದ ಬೆಲೆ ತಿಳಿಯುತ್ತದೆ ಎಂಬುದು ಅವರ ವಾದ. ಆದರೆ ಆ ಹಟ ಪೂರ್ತಿಯಾಗಿ ನಡೆಯಲಿಲ್ಲ. ಅವರ ಕಾಲದಲ್ಲಿಯೇ ಖಜಾನೆಯ ಪತ್ರಗಳನ್ನು ಮಾರಬೇಕಾಯಿತು. 1855ರಲ್ಲಿ ಅವರು ರಾಜೀನಾಮೆ ಕೊಟ್ಟ ಮೇಲೆ ಬಂದ ಅರ್ಥಸಚಿವರು 1 ಕೋಟಿ 60 ಲಕ್ಷ ಪೌಂಡು ಸಾಲ ಎತ್ತಿ, ತೆರಿಗೆಯನ್ನು 16 ಪೆನ್ಸಿಗೆ ಏರಿಸಿದರು. ಏಳು ವರ್ಷಗಳ ಪಟ್ಟಿ ಮೂಲೆಗೆ ಬಿತ್ತು.

1859ರ ಜೂನ್ 6ರಂದು ಲಂಡನ್ನಿನ ವಿಲ್ಲಿಸ್ ಸಭಾಂಗಣದಲ್ಲಿ ವಿಗ್ ಜಮೀನ್ದಾರರು, ಪೀಲ್ ಅವರ ಅನುಯಾಯಿಗಳು ಹಾಗೂ ತೀವ್ರ ಸುಧಾರಣಾವಾದಿಗಳು ಒಂದಾದರು. ಲಿಬರಲ್ ಪಕ್ಷ ಹುಟ್ಟಿದ್ದು ಆ ಸಭೆಯಿಂದ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಶಾಂತಿ, ಮಿತವ್ಯಯ, ಸುಧಾರಣೆ ಎಂಬ ಮೂರು ಮಾತುಗಳು ಆ ಪಕ್ಷದ ಲಾಂಛನದಂತಾದವು. ಆದರೆ ಪಕ್ಷದ ಮೊದಲ ಪ್ರಧಾನಿ ಪಾಮರ್‌ಸ್ಟನ್ ಅವರಿಗೆ ಮೂರರಲ್ಲಿ ಮೊದಲ ಎರಡರ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ. ಫ್ರಾನ್ಸಿನ ದಾಳಿಯ ಭಯದಿಂದ ಅವರು ಬಂದರುಗಳ ಸುತ್ತ ಕೋಟೆ ಕಟ್ಟಲು 1860ರಲ್ಲಿ ಸಾಲದ ಯೋಜನೆ ತಂದರು. ಅರ್ಥಸಚಿವ ಗ್ಲಾಡ್‌ಸ್ಟನ್ ಮತ್ತೆ ಮತ್ತೆ ರಾಜೀನಾಮೆಯ ಮಾತೆತ್ತಿದರು, ಪ್ರಧಾನಿ ಜಗ್ಗಲಿಲ್ಲ. ಕೋಟೆಗಳು ಎದ್ದವು. ಫ್ರೆಂಚರ ದಾಳಿ ಬರಲೇ ಇಲ್ಲ. ಪಾಮರ್‌ಸ್ಟನ್ನರ ಹುಚ್ಚಾಟ ಎಂದು ಜನ ಆ ಕೋಟೆಗಳಿಗೆ ಹೆಸರಿಟ್ಟರು. ಮಿತವ್ಯಯದ ಪಕ್ಷ ತನ್ನ ಮಾತನ್ನು ಮೊದಲು ಮುರಿದದ್ದು ಹುಟ್ಟಿದ ಮರುವರ್ಷದಲ್ಲಿಯೇ.

ಹೀಗಿದ್ದರೂ 1859ರಿಂದ 1866ರವರೆಗಿನ ಏಳು ವರ್ಷಗಳು ಗ್ಲಾಡ್‌ಸ್ಟನ್ ಅವರ ಬಾಳಿನ ಅತ್ಯಂತ ಫಲಭರಿತ ಕಾಲ. ಫ್ರಾನ್ಸಿನೊಡನೆ ವ್ಯಾಪಾರ ಒಪ್ಪಂದವಾಯಿತು. ಸುಂಕ ಬೀಳುವ ಪದಾರ್ಥಗಳ ಸಂಖ್ಯೆ 419ರಿಂದ 48ಕ್ಕೆ ಇಳಿಯಿತು. ಕಾಗದದ ಮೇಲಿನ ತೆರಿಗೆಯನ್ನು ತೆಗೆಯುವ ಮಸೂದೆಯನ್ನು ಪ್ರಭುಗಳ ಸಭೆ 1860ರಲ್ಲಿ ತಿರಸ್ಕರಿಸಿತು. ಮರುವರ್ಷ ಅವರು ಎಲ್ಲ ತೆರಿಗೆ ಪ್ರಸ್ತಾವಗಳನ್ನು ಒಂದೇ ಮಸೂದೆಯಲ್ಲಿ ಕಟ್ಟಿ ಕಳಿಸಿದಾಗ ಪ್ರಭುಗಳು ಒಪ್ಪಲೇಬೇಕಾಯಿತು, ವೃತ್ತಪತ್ರಿಕೆಗಳು ಅಗ್ಗವಾದವು. 1860ರಲ್ಲಿ 10 ಪೆನ್ಸಿಗೆ ಏರಿದ್ದ ಆದಾಯ ತೆರಿಗೆ 1865ರ ಹೊತ್ತಿಗೆ 4 ಪೆನ್ಸಿಗೆ ಇಳಿಯಿತು.

ಇದೇ ಅವಧಿಯಲ್ಲಿ ಅವರು ಕಟ್ಟಿದ ಮೂರು ಸಂಸ್ಥೆಗಳನ್ನು ನಾವು ಭಾರತೀಯರು ಇಂದಿಗೂ ಬಳಸುತ್ತಿದ್ದೇವೆ ಎಂದರೆ ಅತಿಶಯೋಕ್ತಿಯಲ್ಲ. ಮೊದಲನೆಯದು ಅಂಚೆ ಕಚೇರಿಯ ಉಳಿತಾಯ ಬ್ಯಾಂಕು. 1861ರ ಸೆಪ್ಟೆಂಬರಿನಲ್ಲಿ ಅದು ಇಂಗ್ಲೆಂಡಿನಲ್ಲಿ ಆರಂಭವಾಯಿತು. ಒಂದು ಷಿಲಿಂಗ್ ಇದ್ದರೆ ಖಾತೆ ತೆರೆಯಬಹುದು, ನೂರಕ್ಕೆ ಎರಡೂವರೆ ಬಡ್ಡಿ, ಸರ್ಕಾರದ್ದೇ ಖಾತರಿ. ದೊಡ್ಡ ಬ್ಯಾಂಕುಗಳ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಮನೆಗೆಲಸದ ಹೆಂಗಸು, ಕೂಲಿಯಾಳು, ಗುಮಾಸ್ತ ಎಲ್ಲರೂ ಅಂಚೆ ಕಚೇರಿಯ ಕಿಂಡಿಯ ಮುಂದೆ ಸಾಲು ನಿಂತರು. ಭಾರತದಲ್ಲಿ ಅದೇ ಮಾದರಿ 1882ರಲ್ಲಿ ಬಂತು. ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿ, ಪುಣೆ, ಮದರಾಸುಗಳಿಗೆ ಬಂದಾಗ ಟ್ರಂಕಿನ ತಳದಲ್ಲಿ ಬಟ್ಟೆಯ ಕೆಳಗೆ ಇಟ್ಟುಕೊಂಡಿದ್ದ ಅಂಚೆ ಪಾಸ್‌ಪುಸ್ತಕದ ಮುತ್ತಜ್ಜ ಈ ಯೋಜನೆ. ಎರಡನೆಯದು 1861ರಲ್ಲಿ ಸಂಸತ್ತು ನೇಮಿಸಿದ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಮೂರನೆಯದು 1866ರ ಕಾನೂನಿನಿಂದ ಬಂದ ಮಹಾಲೇಖಪಾಲರ ಹುದ್ದೆ. ಸರ್ಕಾರ ಖರ್ಚು ಮಾಡಿದ ಪ್ರತಿ ಪೌಂಡೂ ಸಂಸತ್ತು ಹೇಳಿದ ಉದ್ದೇಶಕ್ಕೇ ಹೋಯಿತೇ ಎಂದು ನೋಡಿ ವರದಿ ಮಾಡುವುದು ಆ ಹುದ್ದೆಯ ಕೆಲಸ. ನಮ್ಮ ಸಂಸತ್ತಿನ ಲೆಕ್ಕಪತ್ರ ಸಮಿತಿಯೂ, ನಮ್ಮ ಮಹಾಲೇಖಪಾಲರೂ ಇದೇ ವಂಶವೃಕ್ಷದ ಕೊಂಬೆಗಳು.

1868ರಲ್ಲಿ ಗ್ಲಾಡ್‌ಸ್ಟನ್ ಪ್ರಧಾನಿಯಾದರು. ಹಾರ್ಡನ್ನಿನಲ್ಲಿ ಮರ ಕಡಿಯುತ್ತಿದ್ದಾಗ ಆ ಕರೆಯ ಸುದ್ದಿ ಬಂತೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಮರ ಕಡಿಯುವುದು ಅವರ ನೆಚ್ಚಿನ ಹವ್ಯಾಸ. ಈ ಮೊದಲ ಸರ್ಕಾರ 1870ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನನ್ನು ತಂದಿತು. ಅದೇ ವರ್ಷ ಸರ್ಕಾರಿ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಅಮೆರಿಕದ ಅಂತರ್ಯುದ್ಧದಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ಅಲಬಾಮಾ ಎಂಬ ಹಡಗು ಮಾಡಿದ ಹಾನಿಯ ವಿವಾದವನ್ನು ಜಿನೀವಾ ನಗರದ ಪಂಚಾಯತಿಗೆ ಒಪ್ಪಿಸಿ, 1872ರಲ್ಲಿ ಬಂದ ತೀರ್ಪಿನಂತೆ 1 ಕೋಟಿ 55 ಲಕ್ಷ ಡಾಲರನ್ನು ತೆತ್ತಿತು. ದೇಶಾಭಿಮಾನಿಗಳು ಹಲ್ಲು ಕಡಿದರು. ಯುದ್ಧಕ್ಕಿಂತ ದಂಡ ಅಗ್ಗ ಎಂಬುದು ಮಿತವ್ಯಯದ ನೇರ ಲೆಕ್ಕ, ಮತ್ತು ಆ ಲೆಕ್ಕ ಸರಿಯಾಗಿತ್ತು.

1873ರಲ್ಲಿ ಪ್ರಧಾನಿಯೇ ಅರ್ಥಸಚಿವ ಪದವನ್ನೂ ವಹಿಸಿಕೊಂಡರು. ಆಗ ಆದಾಯ ತೆರಿಗೆ ಕೇವಲ 3 ಪೆನ್ಸ್. ಇಪ್ಪತ್ತು ವರ್ಷಗಳ ಹಿಂದಿನ ವಾಗ್ದಾನ ಈಡೇರುವ ಅವಕಾಶ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಬೊಕ್ಕಸದಲ್ಲಿ 50 ಲಕ್ಷ ಪೌಂಡಿಗೂ ಹೆಚ್ಚಿನ ಉಳಿತಾಯವನ್ನು ನಿರೀಕ್ಷಿಸಲಾಗಿತ್ತು. ಸೇನೆ ಮತ್ತು ನೌಕಾಪಡೆಯ ಖರ್ಚಿನಲ್ಲಿ ಇನ್ನಷ್ಟು ಕಡಿತವಾದರೆ ತೆರಿಗೆಯನ್ನೇ ಕಿತ್ತುಹಾಕಬಹುದು. ಅದಕ್ಕೆ ಅಡ್ಡ ನಿಂತವರು ವಿರೋಧ ಪಕ್ಷದವರಲ್ಲ, ಅವರದೇ ಸಂಪುಟದ ಸಚಿವರು. ಸೇನೆಯ ಕಾರ್ಡ್‌ವೆಲ್ ಮತ್ತು ನೌಕಾಪಡೆಯ ಗೋಷನ್ ಇಬ್ಬರೂ ಇನ್ನು ಇಳಿಸಲಾಗದು ಎಂದರು. ಗ್ಲಾಡ್‌ಸ್ಟನ್ ಅವರು 1874ರ ಜನವರಿಯಲ್ಲಿ ಹಠಾತ್ತನೆ ಚುನಾವಣೆ ಘೋಷಿಸಿ, ಆದಾಯ ತೆರಿಗೆಯನ್ನು ರದ್ದು ಮಾಡುತ್ತೇವೆಂದು ಮತದಾರರ ಮುಂದೆ ಹೋದರು. ಜನ ಅವರನ್ನು ಸೋಲಿಸಿದರು. ಗೆದ್ದು ಬಂದ ಡಿಸ್ರೇಲಿಯವರ ಸರ್ಕಾರ ಆ ಉಳಿತಾಯವನ್ನು ಬಳಸಿ ತೆರಿಗೆಯನ್ನು 2 ಪೆನ್ಸಿಗೆ ಇಳಿಸಿತು. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಅದಕ್ಕಿಂತ ಕೆಳಗೆ ಎಂದೂ ಇಳಿಯಲಿಲ್ಲ. ಬಿತ್ತಿದವರೊಬ್ಬರು, ಕೊಯ್ದವರು ಮತ್ತೊಬ್ಬರು.

ಬಳಿಕ ಬಂದದ್ದು ಅವರ ಬಾಳಿನ ಅತ್ಯಂತ ಪ್ರಸಿದ್ಧ ಅಧ್ಯಾಯ. 1879 ಮತ್ತು 1880ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಮಿಡ್‌ಲೋಥಿಯನ್ ಕ್ಷೇತ್ರದಲ್ಲಿ ಅವರು ಕೈಗೊಂಡ ಪ್ರಚಾರ ಪ್ರವಾಸ ಇಂದಿನ ಚುನಾವಣಾ ಸಭೆಗಳಿಗೆಲ್ಲ ಮೇಲ್ಪಂಕ್ತಿ. ರೈಲು ನಿಲ್ದಾಣಗಳಲ್ಲಿ, ಚಳಿಯ ಮೈದಾನಗಳಲ್ಲಿ ಸಾವಿರಾರು ಜನ ನಿಂತು ಲೆಕ್ಕಪತ್ರದ ಭಾಷಣಗಳನ್ನು ಕೇಳಿದರು. ಆಫ್ಘಾನಿಸ್ತಾನದಲ್ಲಿ ಯುದ್ಧ, ದಕ್ಷಿಣ ಆಫ್ರಿಕಾದಲ್ಲಿ ಜುಲು ಯುದ್ಧ, ಉಳಿತಾಯವಿದ್ದ ಕಡೆ ಕೊರತೆ. ಇದು ಡಿಸ್ರೇಲಿಯವರ ಲೆಕ್ಕ ಎಂದು ಅವರು ಜನರ ಮುಂದೆ ತೆರೆದಿಟ್ಟರು. ಮೋಂಬತ್ತಿಯ ತುಂಡನ್ನೂ ಉಳಿಸುವಂಥ ಜಿಪುಣತನ ಬೊಕ್ಕಸದ ಮಂತ್ರಿಗೆ ಭೂಷಣವೆಂಬ ಭಾವವನ್ನು ಅವರು ಅಲ್ಲಿಯೇ ಆಡಿ ತೋರಿಸಿದರು. 1880ರ ಏಪ್ರಿಲಿನಲ್ಲಿ ಲಿಬರಲ್ ಪಕ್ಷ ಭಾರಿ ಬಹುಮತದಿಂದ ಗೆದ್ದಿತು.

ಈ ಸರ್ಕಾರದ ಆರಂಭದ ದಿನಗಳು ನಮ್ಮ ನಾಡಿಗೂ ತಟ್ಟಿದವು. ಗ್ಲಾಡ್‌ಸ್ಟನ್ ಅವರು ಲಾರ್ಡ್ ರಿಪನ್ ಅವರನ್ನು ವೈಸರಾಯ್ ಆಗಿ ಕಳಿಸಿದರು. ಅವರ ಕಾಲದಲ್ಲಿಯೇ, 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಕಮಿಷನರ್ ಆಳ್ವಿಕೆ ಮುಗಿದು ಮೈಸೂರು ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಆ ಪುನರ್ದಾನದ ನಿರ್ಧಾರ ಹಿಂದಿನ ಸರ್ಕಾರಗಳದೇ ಎಂಬುದನ್ನು ಮರೆಯುವಂತಿಲ್ಲ. 1876ರಿಂದ 78ರವರೆಗಿನ ಘೋರ ಬರಗಾಲದಿಂದ ತತ್ತರಿಸಿದ್ದ ಸಂಸ್ಥಾನದ ತಲೆಯ ಮೇಲೆ ಭಾರಿ ಸಾಲವಿತ್ತು. ದಿವಾನ್ ರಂಗಾಚಾರ್ಲು ಅವರು ಇಲಾಖೆಗಳ ಖರ್ಚನ್ನು ಕತ್ತರಿಸುತ್ತ, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ರಾಜ್ಯದ ಲೆಕ್ಕವನ್ನು ರೈತ ವರ್ತಕರ ಮುಂದೆ ಓದಿದರು. ಮಿತವ್ಯಯ ಅವರಿಗೆ ಸಿದ್ಧಾಂತಕ್ಕಿಂತ ಹೆಚ್ಚಾಗಿ ಅನಿವಾರ್ಯತೆಯಾಗಿತ್ತು. ಸಾಲ ಎತ್ತಿ ಯುದ್ಧ ಹೂಡುವ ಅನುಕೂಲ ಮೈಸೂರಿಗಿರಲಿಲ್ಲ.

ಆ ಅನುಕೂಲ ಲಂಡನ್ನಿಗಿತ್ತು. ಈಜಿಪ್ಟ್ ದೇಶ ಐರೋಪ್ಯ ಸಾಲಗಾರರಿಗೆ ಬಡ್ಡಿ ತೆರಲಾರದೆ ಕುಸಿದು, ಅಲ್ಲಿ ಅರಾಬಿ ಪಾಷಾ ಎಂಬ ಸೇನಾನಿಯ ನೇತೃತ್ವದಲ್ಲಿ ರಾಷ್ಟ್ರೀಯ ದಂಗೆ ಎದ್ದಿತ್ತು. 1882ರ ಜುಲೈ 11ರಂದು ಬ್ರಿಟಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾ ನಗರದ ಮೇಲೆ ಗುಂಡಿನ ಮಳೆ ಸುರಿಸಿತು. ಶಾಂತಿವಾದಿ ಜಾನ್ ಬ್ರೈಟ್ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಹೊರನಡೆದರು, ಗ್ಲಾಡ್‌ಸ್ಟನ್ ಉಳಿದರು. ಸೆಪ್ಟೆಂಬರಿನಲ್ಲಿ ತೆಲ್ ಎಲ್ ಕೆಬೀರ್ ಕದನದೊಡನೆ ಈಜಿಪ್ಟ್ ಬ್ರಿಟಿಷರ ವಶವಾಯಿತು. ಆ ಕದನದಲ್ಲಿ ಭಾರತದ ಸೈನಿಕರೂ ಇದ್ದರು, ಅವರ ಖರ್ಚಿನಲ್ಲಿ ಒಂದು ಪಾಲನ್ನು ಭಾರತದ ಬೊಕ್ಕಸದ ಮೇಲೆಯೇ ಹಾಕಲಾಯಿತು. ಆಫ್ಘಾನ್ ಯುದ್ಧವನ್ನು ಖಂಡಿಸಿ ಗೆದ್ದವರು, ಅದರ ಖರ್ಚಿಗೆ ಬ್ರಿಟಿಷ್ ಬೊಕ್ಕಸದಿಂದ ನೆರವು ಕೊಡಲು ಒಪ್ಪಿದ್ದರೂ ಹೊರೆಯ ಬಹುಭಾಗವನ್ನು ಭಾರತದ ರೈತನ ಬೆನ್ನಿನ ಮೇಲೆಯೇ ಬಿಟ್ಟಿದ್ದರು.

ಇನ್ನೊಂದು ಸಂಗತಿ ಆಗ ಹೊರಗಿನವರಿಗೆ ತಿಳಿದಿರಲಿಲ್ಲ. ಅವರ ಖಾಸಗಿ ಲೆಕ್ಕಗಳನ್ನು ಪರಿಶೀಲಿಸಿದ ಇತಿಹಾಸಕಾರರು ಅದನ್ನು ಬಹಳ ಕಾಲದ ನಂತರ ಬೆಳಕಿಗೆ ತಂದರು. ದಾಳಿಗೆ ಮುನ್ನ ಪ್ರಧಾನಿಯ ಸ್ವಂತ ಹೂಡಿಕೆಯ ಮೂರನೆಯ ಒಂದು ಪಾಲಿಗೂ ಹೆಚ್ಚು ಹಣ ಈಜಿಪ್ಟಿನ ಕಪ್ಪಕಾಣಿಕೆಯ ಆಧಾರದ ಸಾಲಪತ್ರಗಳಲ್ಲಿತ್ತು. ಆಕ್ರಮಣದ ನಂತರ ಅವುಗಳ ಬೆಲೆ ಏರಿತು. ಲಾಭಕ್ಕಾಗಿಯೇ ಅವರು ಯುದ್ಧ ಮಾಡಿದರೆನ್ನಲು ಆಧಾರವಿಲ್ಲ, ಅವರ ಸ್ವಭಾವವೂ ಅದಲ್ಲ. ಆದರೂ ಬ್ಯಾಂಕಿನಲ್ಲಿ ಒಬ್ಬ ಕಿರಿಯ ಅಧಿಕಾರಿ ತನಗೆ ಸಂಬಂಧವಿರುವ ಖಾತೆಗೆ ಸಾಲ ಮಂಜೂರು ಮಾಡುವಂತಿಲ್ಲ ಎಂಬ ನಿಯಮದಲ್ಲಿ ಬೆಳೆದ ನಮಗೆ ಈ ಸಂಗತಿ ಇರಿಸುಮುರಿಸು ತರುತ್ತದೆ. ಮೋಂಬತ್ತಿಯ ತುಂಡಿನ ಮೇಲೆ ಕಣ್ಣಿಟ್ಟವರಿಗೆ ಇದು ಕಾಣಲಿಲ್ಲವೇ ಎಂದು ಕೇಳಲೇಬೇಕಾಗುತ್ತದೆ.

ಈಜಿಪ್ಟಿನಿಂದ ಸೂಡಾನಿಗೆ ಹೆಜ್ಜೆ ಬಿತ್ತು. 1885ರ ಜನವರಿಯಲ್ಲಿ ಖಾರ್ಟೂಮಿನಲ್ಲಿ ಜನರಲ್ ಗಾರ್ಡನ್ ಹತರಾದರು. ಅತ್ತ ಆಫ್ಘನ್ ಗಡಿಯಲ್ಲಿ ರಷ್ಯಾದೊಡನೆ ಯುದ್ಧದ ಭೀತಿ ಹಬ್ಬಿತು. ಅದೇ ಏಪ್ರಿಲಿನಲ್ಲಿ ಸರ್ಕಾರ 1 ಕೋಟಿ 10 ಲಕ್ಷ ಪೌಂಡಿನ ವಿಶೇಷ ಅನುದಾನ ಕೇಳಿತು. ವರ್ಷದ ಒಟ್ಟು ಖರ್ಚು 10 ಕೋಟಿ ಪೌಂಡನ್ನು ಮುಟ್ಟುವಷ್ಟಾಯಿತು. ಡಿಸ್ರೇಲಿಯವರ ದುಂದುವೆಚ್ಚವನ್ನು ಮೈದಾನ ಮೈದಾನಗಳಲ್ಲಿ ಹೀನಾಯಗೊಳಿಸಿದ್ದ ಪಕ್ಷ ಐದೇ ವರ್ಷಗಳಲ್ಲಿ ಆ ಖರ್ಚನ್ನು ಮೀರಿಸಿತ್ತು. ಆ ಮುಂಗಡಪತ್ರದಲ್ಲಿ ಬಿಯರ್ ಮತ್ತು ಮದ್ಯದ ಮೇಲೆ ಸುಂಕ ಏರಿಸಹೊರಟು, ಜೂನ್ ತಿಂಗಳಲ್ಲಿ ಸರ್ಕಾರವೇ ಬಿದ್ದಿತು.

ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಪ್ರಶ್ನೆಯ ಮೇಲೆ 1886ರಲ್ಲಿ ಲಿಬರಲ್ ಪಕ್ಷ ಒಡೆಯಿತು. 1892ರಲ್ಲಿ ಎಂಬತ್ತೆರಡರ ಮುದುಕ ನಾಲ್ಕನೆಯ ಬಾರಿ ಪ್ರಧಾನಿಯಾದರು. ಅದೇ ಚುನಾವಣೆಯಲ್ಲಿ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಗೆದ್ದವರು ಮುಂಬಯಿಯ ದಾದಾಭಾಯಿ ನವರೋಜಿ. ಸಾಮ್ರಾಜ್ಯದ ಯುದ್ಧಗಳ ಖರ್ಚನ್ನು ಭಾರತದ ಮೇಲೆ ಹೊರಿಸುವುದು ಯಾವ ನ್ಯಾಯವೆಂದು ಅವರು ಅಂಕಿ ಅಂಶಗಳೊಡನೆ ಕೇಳಿದರು. ಬ್ರಿಟಿಷರ ಲೆಕ್ಕದ ಪುಸ್ತಕವನ್ನೇ ಹಿಡಿದು ಬ್ರಿಟಿಷರನ್ನು ಪ್ರಶ್ನಿಸಿದ ಆ ಬಗೆ ಗ್ಲಾಡ್‌ಸ್ಟನ್ ಪರಂಪರೆಯದೇ. ಅದರ ಫಲವಾಗಿ 1895ರಲ್ಲಿ ಭಾರತದ ವೆಚ್ಚದ ಬಗ್ಗೆ ರಾಜ ಆಯೋಗವೊಂದು ನೇಮಕವಾಯಿತು.

ಕೊನೆಯ ಪ್ರಸಂಗಕ್ಕೆ ಬರೋಣ. 1893ರ ಕೊನೆಯ ಹೊತ್ತಿಗೆ ಫ್ರಾನ್ಸ್ ಮತ್ತು ರಷ್ಯಾ ಹತ್ತಿರವಾಗುತ್ತಿದ್ದವು. ಹೊಸ ಯುದ್ಧನೌಕೆಗಳು ಬೇಕೆಂದು ನೌಕಾ ಸಚಿವ ಲಾರ್ಡ್ ಸ್ಪೆನ್ಸರ್ ದೊಡ್ಡ ಮೊತ್ತದ ಬೇಡಿಕೆ ಇಟ್ಟರು. ಒಂದು ದೇಶ ನೌಕೆ ಕಟ್ಟಿದರೆ ಮತ್ತೊಂದೂ ಕಟ್ಟುತ್ತದೆ, ಯುರೋಪೆಲ್ಲ ಶಸ್ತ್ರಾಸ್ತ್ರದ ಪೈಪೋಟಿಗೆ ಬಿದ್ದು ಕಡೆಗೆ ವಿನಾಶ ಕಾದಿದೆ ಎಂಬುದು ಗ್ಲಾಡ್‌ಸ್ಟನ್ ಅವರ ಭಯ. ಸಂಪುಟದಲ್ಲಿ ಅವರು ಬಹುಮಟ್ಟಿಗೆ ಒಬ್ಬಂಟಿಯಾದರು. ಅವರು ಬೆಳೆಸಿದ ಪಕ್ಷ, ಅವರು ಆರಿಸಿದ ಸಚಿವರು, ಅವರೇ ಕಲಿಸಿದ ಲೆಕ್ಕ. ಆದರೂ ಯಾರೂ ಅವರ ಜೊತೆ ಬರಲಿಲ್ಲ. 1894ರ ಮಾರ್ಚ್ 3ರಂದು ಅವರು ರಾಣಿ ವಿಕ್ಟೋರಿಯಾ ಅವರಿಗೆ ರಾಜೀನಾಮೆ ಸಲ್ಲಿಸಿದರು. ಹೊರಗೆ ಹೇಳಿದ ಕಾರಣ ಮಂದವಾದ ಕಣ್ಣು ಕಿವಿಗಳು. ಉತ್ತರಾಧಿಕಾರಿ ಯಾರಾಗಬೇಕೆಂದು ರಾಣಿ ಅವರನ್ನು ಕೇಳಲೇ ಇಲ್ಲ. ವಿಚಿತ್ರವೆಂದರೆ, ಕೇಳಿದ್ದರೆ ಅವರು ಹೇಳಬೇಕೆಂದಿದ್ದ ಹೆಸರು ಸ್ಪೆನ್ಸರ್ ಅವರದೇ. ಭಿನ್ನಾಭಿಪ್ರಾಯವನ್ನು ಅವರು ವೈರವಾಗಿ ಬೆಳೆಸಿಕೊಂಡವರಲ್ಲ.

ನೌಕೆಗಳಿಗೆ ಹಣ ಬೇಕಿತ್ತು. ಅದೇ ವರ್ಷ ಅರ್ಥಸಚಿವ ಹಾರ್‌ಕೋರ್ಟ್ ಅವರು ಮೃತರ ಆಸ್ತಿಯ ಮೇಲೆ ಶ್ರೀಮಂತಿಕೆಗೆ ತಕ್ಕಂತೆ ಏರುವ ತೆರಿಗೆಯನ್ನು ತಂದರು. ನಿವೃತ್ತರಾದ ಗ್ಲಾಡ್‌ಸ್ಟನ್ ಅವರಿಗೆ ಅದೂ ಹಿಡಿಸಲಿಲ್ಲ. 1909ರಲ್ಲಿ ಲಾಯ್ಡ್ ಜಾರ್ಜ್ ಅವರು ವೃದ್ಧಾಪ್ಯ ವೇತನಕ್ಕೂ ಯುದ್ಧನೌಕೆಗಳಿಗೂ ಒಟ್ಟಿಗೆ ತೆರಿಗೆ ಹಾಕಿದಾಗ ಹಳೆಯ ಮಿತವ್ಯಯದ ಪಕ್ಷ ಗುರುತು ಸಿಗದಷ್ಟು ಬದಲಾಗಿತ್ತು. ಆ ಬದಲಾವಣೆಯಲ್ಲಿ ಬಡ ಮುದುಕರ ಕೈಗೆ ವಾರದ ಹಣ ಸೇರಿತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. 1914ರಲ್ಲಿ, ಲಿಬರಲ್ ಸರ್ಕಾರವೇ ಅಧಿಕಾರದಲ್ಲಿದ್ದಾಗ, ಆ ಮುದುಕ ಹೆದರಿದ್ದ ಮಹಾಯುದ್ಧವೂ ಬಂತು.

ಕೊನೆಯ ವರ್ಷಗಳಲ್ಲಿ ಗ್ಲಾಡ್‌ಸ್ಟನ್ ತಮ್ಮ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ತುಂಬಿ, ಮಗಳು ಮತ್ತು ಆಳಿನ ನೆರವಿನಿಂದ ಹಾರ್ಡನ್ನಿನ ಒಂದು ಕಟ್ಟಡಕ್ಕೆ ಸಾಗಿಸಿದರು. ಸುಮಾರು 32,000 ಪುಸ್ತಕಗಳ ಆ ಸಂಗ್ರಹ ಇಂದು ಅವರ ಹೆಸರಿನ ಗ್ರಂಥಾಲಯವಾಗಿದೆ. ಸರ್ಕಾರದ ಹಣದಲ್ಲಿ ಜಿಪುಣರಾಗಿದ್ದವರು ಅದಕ್ಕೆ ತಮ್ಮ ಸ್ವಂತದ 40,000 ಪೌಂಡನ್ನು ದತ್ತಿಯಾಗಿ ಬಿಟ್ಟರು. 1898ರ ಮೇ 19ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಸಮಾಧಿಯಿದೆ.

ಹಾಗಾದರೆ ಪಕ್ಷ ಮಾತು ಉಳಿಸಿಕೊಂಡಿತೇ? ಶಾಂತಿಯ ವರ್ಷಗಳಲ್ಲಿ ಬಹುಮಟ್ಟಿಗೆ ಉಳಿಸಿಕೊಂಡಿತು. ಯುದ್ಧದ ಕಹಳೆ ಕೇಳಿದಾಗಲೆಲ್ಲ ಮರೆಯಿತು. ಮರೆತಾಗ ತನ್ನ ಮತದಾರನಿಗಿಂತ ಮತವಿಲ್ಲದ ಭಾರತದವನಿಂದ, ಈಜಿಪ್ಟಿನವನಿಂದ ಸುಲಭವಾಗಿ ವಸೂಲು ಮಾಡಿತು. ನಾಯಕನೂ ಆ ದೋಷದಿಂದ ಮುಕ್ತನಲ್ಲ. ಆದರೆ ಪಕ್ಷಗಳ ಮನಸ್ಸು ಹೀಗೆ ಹೊಯ್ದಾಡುತ್ತದೆಂದು ಬಲ್ಲವರಂತೆ ಅವರು ಕಾವಲುಗಾರರನ್ನು ನೇಮಿಸಿ ಹೋದರು. ಬ್ರಿಟನ್ನಿನ ಆದಾಯ ತೆರಿಗೆ ಕಾನೂನಿನ ಪ್ರಕಾರ ಇಂದಿಗೂ ತಾತ್ಕಾಲಿಕ. ಪ್ರತಿ ವರ್ಷ ಸಂಸತ್ತು ಅದನ್ನು ಹೊಸದಾಗಿ ಮಂಜೂರು ಮಾಡಬೇಕು. ಪ್ರತಿ ಖರ್ಚಿನ ಲೆಕ್ಕವನ್ನೂ ಮಹಾಲೇಖಪಾಲರಿಗೆ ತೋರಿಸಬೇಕು. ಯಾವ ಪಕ್ಷ ಗೆದ್ದರೂ ಈ ನಿಯಮ ತಪ್ಪುವುದಿಲ್ಲ.

ನಮ್ಮಲ್ಲಿಯೂ ಮಹಾಲೇಖಪಾಲರ ವರದಿ ಪ್ರತಿ ವರ್ಷ ಸಂಸತ್ತಿನಲ್ಲಿ, ವಿಧಾನಮಂಡಲಗಳಲ್ಲಿ ಮಂಡನೆಯಾಗುತ್ತದೆ. ಅದನ್ನು ಓದುವವರು ಕಡಿಮೆ. ಮುಂದಿನ ಮುಂಗಡಪತ್ರದ ದಿನ ತೆರಿಗೆಯ ಹಂತಗಳನ್ನು ನೋಡಿದ ಮೇಲೆ, ಓದುಗ ಬಂಧುಗಳು ಆ ವರದಿಯ ನಾಲ್ಕು ಪುಟಗಳನ್ನೂ ತಿರುವಿ ಹಾಕಿದರೆ, ನಾವು ಕೊಟ್ಟ ತೆರಿಗೆ ಎಲ್ಲಿ ಹೋಯಿತೆಂಬುದು ಸ್ವಲ್ಪಮಟ್ಟಿಗಾದರೂ ತಿಳಿದೀತು.